ಬಣ್ಣಕ್ಕೆ ಗ್ಯಾರಂಟಿ ಇಲ್ಲ

ಬಟ್ಟೆ ಅಂಗಡಿ ಬಿಲ್ಲನ್ನ ಯಾವತ್ತಾದ್ರೂ ಕೊನೇ ಸಾಲಿನವರೆಗೆ ಓದಿದ್ದೀರಾ? ಜಿಎಸ್‌ಟಿ, ರಿಯಾಯಿತಿ, 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಲ್ಲಾ ಮುಗಿದ ಮೇಲೆ, ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತೆ: 'ಬಣ್ಣ ಮತ್ತು ಜರಿಗೆ ಗ್ಯಾರಂಟಿ ಇಲ್ಲ.'

ನಾವು ಸಾಫ್ಟ್‌ವೇರ್‌ನೋರು ಲೈಸೆನ್ಸ್ ಫೈಲಲ್ಲಿ 'ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೀವಿ, ಮುಂದಿನದಕ್ಕೆ ನಾವು ಜವಾಬ್ದಾರರಲ್ಲ' ಅಂತ ಬರೀತೀವಲ್ಲ, ಇದು ಅದರ ಅಣ್ಣ. ವ್ಯತ್ಯಾಸ ಇಷ್ಟೇ. ಲೈಸೆನ್ಸ್ ಇರೋ ಸಾಫ್ಟ್‌ವೇರ್ ಎಷ್ಟೋ ಸಲ ಪುಕ್ಕಟೆ. ಸೀರೆಗೆ, ಕುರ್ತಾಗೆ ನಾವು ಸಾವಿರಗಟ್ಟಲೆ ಕೊಟ್ಟಿರ್ತೀವಿ.

ಬಣ್ಣ ಬಿಡೋ ಬಟ್ಟೆಯ ಬಗ್ಗೆ ಎಲ್ಲರ ಮನೇಲೂ ಒಂದು ಕಥೆ ಇದೆ, ಎಲ್ಲರ ಮನೇಲೂ ಒಂದು ಮದ್ದೂ ಇದೆ. ಉಪ್ಪು ಹಾಕಿ, ವಿನೆಗರ್ ಹಾಕಿ, ಪಟಿಕ ಹಾಕಿ. ಈ ಮದ್ದುಗಳಲ್ಲಿ ಯಾವುದು ಕೆಲಸ ಮಾಡುತ್ತೆ, ಯಾಕೆ ಮಾಡುತ್ತೆ ಅನ್ನೋದು ಗೊತ್ತಾಗಬೇಕಾದ್ರೆ ಮೊದಲು ಬಣ್ಣ ಬಟ್ಟೆಗೆ ಹೇಗೆ ಅಂಟಿಕೊಂಡಿರುತ್ತೆ ಅಂತ ನೋಡ್ಬೇಕು. ಬಗ್ ಎಲ್ಲಿದೆ ಅಂತ ತಿಳಿಯದೆ ಪ್ಯಾಚ್ ಹಾಕೋದು ಬೇಡ.

ಬಸ್ಸಲ್ಲಿ ಕೂತವರು, ನಿಂತವರು, ನೇತಾಡೋರು

ಬೆಳಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಕಡೆ ಹೋಗೋ ಬಿಎಂಟಿಸಿ ಬಸ್ಸನ್ನ ನೆನಪಿಸಿಕೊಳ್ಳಿ. ಬಟ್ಟೆಯ ಎಳೆ ಆ ಬಸ್ಸು, ಬಣ್ಣದ ಕಣಗಳು ಪ್ರಯಾಣಿಕರು.

ಹತ್ತಿ ಬಟ್ಟೆಗೆ ಹಾಕೋ ಬಣ್ಣಗಳಲ್ಲಿ ಅಗ್ಗದ್ದು 'ಡೈರೆಕ್ಟ್' ಬಣ್ಣ. ಇದಕ್ಕೂ ಎಳೆಗೂ ಗಟ್ಟಿ ನಂಟಿಲ್ಲ. ಕಂಬಿ ಹಿಡ್ಕೊಂಡು ನಿಂತ ಪ್ರಯಾಣಿಕನ ಹಾಗೆ, ಒದ್ದೆಯಾದ ಕೂಡ್ಲೇ ಕೈ ಸಡಿಲ.

ಇನ್ನೊಂದು 'ರಿಯಾಕ್ಟಿವ್' ಬಣ್ಣ. ಇವತ್ತು ನಾವು ಹಾಕೋ ಒಳ್ಳೆ ಕಾಟನ್ ಟೀ ಶರ್ಟು, ಕುರ್ತಾಗಳಲ್ಲಿ ಹೆಚ್ಚಾಗಿ ಇರೋದು ಇದೇ. ಇದು ಹತ್ತಿಯ ಸೆಲ್ಯುಲೋಸ್ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತೆ. ಸೀಟಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಹಾಗೆ. ಮನೆಯಲ್ಲಿ ಒಗೆದ್ರೆ ಸುಲಭಕ್ಕೆ ಏಳಲ್ಲ.

ಹಾಗಿದ್ರೆ ಒಳ್ಳೆ ಬ್ರ್ಯಾಂಡಿನ ಬಟ್ಟೆ ಯಾಕೆ ಬಣ್ಣ ಬಿಡುತ್ತೆ? ಬಣ್ಣ ಹಾಕೋ ಹೊತ್ತಲ್ಲಿ ತೊಟ್ಟಿ ತುಂಬಾ ನೀರು ಇರುತ್ತಲ್ಲ, ರಿಯಾಕ್ಟಿವ್ ಬಣ್ಣದ ಒಂದು ಪಾಲು ಹತ್ತಿಯ ಬದಲು ಆ ನೀರಿನ ಜೊತೆಗೇ ಬೆಸೆದುಕೊಂಡುಬಿಡುತ್ತೆ. ಹಾಗಾದ ಬಣ್ಣಕ್ಕೆ ಇನ್ನು ಹತ್ತಿಯ ಜೊತೆ ನಂಟು ಮಾಡಿಕೊಳ್ಳೋ ಶಕ್ತಿ ಇಲ್ಲ. ಸುಮ್ನೆ ಎಳೆಯ ಮೇಲೆ, ಸಂದಿಯಲ್ಲಿ ಕೂತಿರುತ್ತೆ. ಇವರೇ ಬಾಗಿಲಲ್ಲಿ ನೇತಾಡೋ ಪ್ರಯಾಣಿಕರು. ಬಕೆಟ್‌ಗೆ ಹಾಕಿದ ಕೂಡ್ಲೇ ಮೊದಲು ಇಳಿಯೋರು ಇವರೇ.

ಮರೂನ್, ಕಡು ನೀಲಿ, ಕಪ್ಪು, ಕೆಂಪು ಹೆಚ್ಚು ಬಣ್ಣ ಬಿಡೋದೂ ಇದಕ್ಕೇ. ಬಣ್ಣ ಗಾಢ ಆಗಬೇಕಾದ್ರೆ ಜಾಸ್ತಿ ಬಣ್ಣ ತುಂಬಬೇಕು. ಬಸ್ಸು ಎಷ್ಟು ತುಂಬಿರುತ್ತೋ ನೇತಾಡೋರೂ ಅಷ್ಟು.

ಜೀನ್ಸ್ ಕಥೆ ಬೇರೆ. ಅದರ ಇಂಡಿಗೋ ನೀರಲ್ಲಿ ಕರಗಲ್ಲ. ನೂಲಿನ ಹೊರ ಪದರದಲ್ಲಿ ಪುಡಿಯ ಹಾಗೆ ಕೂತಿರುತ್ತೆ. ಅದಕ್ಕೇ ಹೊಸ ಜೀನ್ಸ್ ಒಗೆಯೋ ಮುಂಚೇನೇ ಬಿಳಿ ಸೋಫಾಗೆ, ಆಫೀಸ್ ಬ್ಯಾಗಿಗೆ ನೀಲಿ ಮೆತ್ತುತ್ತೆ. ಉಜ್ಜಿದಷ್ಟೂ ಹೋಗುತ್ತೆ, ಆ ಸವಕಲನ್ನೇ ನಾವು ಫ್ಯಾಷನ್ ಅಂತೀವಿ.

ರೇಷ್ಮೆ, ಉಣ್ಣೆಗೆ ಹಾಕೋದು ಹೆಚ್ಚಾಗಿ 'ಆ್ಯಸಿಡ್' ಬಣ್ಣ. ಕ್ಷಾರ ಕಂಡ್ರೆ ಅದರ ಹಿಡಿತ ಸಡಿಲ ಆಗುತ್ತೆ. ನಮ್ಮ ಮಾಮೂಲಿ ಸೋಪಿನ ಪುಡಿ ಕ್ಷಾರವೇ. ರೇಷ್ಮೆ ಸೀರೆಗೆ ಅಂಟುವಾಳದ ನೀರು ಅಂತ ಅಜ್ಜಿಯಂದಿರು ಹೇಳ್ತಿದ್ದದ್ದು ಸುಮ್ನೆ ಅಲ್ಲ, ಅಂಟುವಾಳದ ನೊರೆ ಕ್ಷಾರದ ಕಡೆ ಹೋಗಲ್ಲ.

ಪಾಲಿಯೆಸ್ಟರ್ ಪಾಪ ಒಳ್ಳೇದು. ಅದರ ಬಣ್ಣವನ್ನ ಭಾರಿ ಬಿಸಿಯಲ್ಲಿ ಎಳೆಯ ಒಳಕ್ಕೇ ತುಂಬಿರ್ತಾರೆ. ತಣ್ಣೀರಿನ ಒಗೆತಕ್ಕೆ ಅಷ್ಟಾಗಿ ಜಗ್ಗಲ್ಲ.

ನೂರು ವರ್ಷದ ಅಂತರ

1856ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಅನ್ನೋ 18ರ ಹುಡುಗ ಮಲೇರಿಯಾಗೆ ಕ್ವಿನೈನ್ ಮಾಡೋಕೆ ಹೋಗಿ, ಕೊನೆಗೆ ನೇರಳೆ ಬಣ್ಣ ಮಾಡಿಬಿಟ್ಟ. ಕೃತಕ ಬಣ್ಣಗಳ ಉದ್ಯಮ ಶುರುವಾದದ್ದು ಅಲ್ಲಿಂದ. ಆದ್ರೆ ಹತ್ತಿಗೆ ರಾಸಾಯನಿಕವಾಗಿ ಬೆಸೆಯೋ ಬಣ್ಣ ಮಾರುಕಟ್ಟೆಗೆ ಬರೋಕೆ ಮತ್ತೆ ನೂರು ವರ್ಷ ಹಿಡೀತು. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ 'ಪ್ರೋಸಿಯಾನ್' ಹೆಸರಲ್ಲಿ ಅದನ್ನ ತಂತು.

ಇದರ ಆಸುಪಾಸಲ್ಲೇ ಒಂದು ತಮಾಷೆ ನಡೀತು. ನಮ್ಮ ಪಕ್ಕದ ಮದ್ರಾಸಿನ ಕೈಮಗ್ಗದ ಚೌಕುಳಿ ಬಟ್ಟೆ ಅಮೆರಿಕಕ್ಕೆ ಹೋಗ್ತಿತ್ತು. ಒಗೆದಾಗಲೆಲ್ಲ ಬಣ್ಣ ಬಿಡ್ತಿತ್ತು, ಒಂದು ಚೌಕದ ಬಣ್ಣ ಪಕ್ಕದ ಚೌಕಕ್ಕೆ ಹರೀತಿತ್ತು. ಅಲ್ಲಿನ ಜಾಹೀರಾತಿನವರು ಅದನ್ನ ಮುಚ್ಚಿಡೋಕೆ ಹೋಗ್ಲಿಲ್ಲ. 'ಬಣ್ಣ ಬಿಡೋದು ಗ್ಯಾರಂಟಿ' ಅಂತ್ಲೇ ಮಾರಿದ್ರು. 1960ರ ದಶಕದಲ್ಲಿ ಅಲ್ಲಿನ ಕಾಲೇಜು ಹುಡುಗರು ಆ ಶರ್ಟಿಗೆ ಮುಗಿಬಿದ್ರು. ಬಗ್‌ಗೆ ಫೀಚರ್ ಅಂತ ಹೆಸರಿಟ್ಟು ಬಿಲ್ ಮಾಡೋ ವಿದ್ಯೆ ನಮ್ಮ ಕ್ಷೇತ್ರದ್ದೇ ಅಂದ್ಕೊಂಡಿದ್ದೆ, ಬಟ್ಟೆಯವರು ನಮಗಿಂತ ಮೊದಲೇ ಕಲಿತಿದ್ರು.

ಕೊನೇಪಕ್ಷ ಅವರು ಬಾಯಿಬಿಟ್ಟು ಹೇಳಿ ಮಾರಿದ್ರು ಅನ್ನೋದನ್ನ ಒಪ್ಪಬೇಕು.

ಉಪ್ಪು, ವಿನೆಗರ್, ಪಟಿಕ

ಈಗ ಮದ್ದಿನ ವಿಚಾರ.

ಉಪ್ಪಿಗೆ ಬಣ್ಣದ ಲೋಕದಲ್ಲಿ ನಿಜವಾದ ಕೆಲಸ ಇದೆ. ನೀರಲ್ಲಿ ಹತ್ತಿ ಎಳೆಗೂ ಋಣ ವಿದ್ಯುದಂಶ, ಬಣ್ಣಕ್ಕೂ ಋಣ. ಒಂದನ್ನೊಂದು ದೂರ ತಳ್ತವೆ. ಉಪ್ಪು ಹಾಕಿದ್ರೆ ಆ ತಳ್ಳಾಟ ತಗ್ಗಿ ಬಣ್ಣ ಎಳೆಯ ಹತ್ತಿರ ಬರುತ್ತೆ. ಆಮೇಲೆ ಸೋಡಾ ಹಾಕಿದಾಗ ಬೆಸುಗೆ ಆಗುತ್ತೆ. ಇದೆಲ್ಲ ಬಣ್ಣ ಹಾಕೋ ಹೊತ್ತಿನ ಅಡುಗೆ. ಅಡುಗೆ ಮುಗಿದು ಊಟಕ್ಕೆ ಬಡಿಸಿದ ಮೇಲೆ ಒಗ್ಗರಣೆ ಹಾಕಿದ್ರೆ ಏನು ಬಂತು? ಮನೆಯ ಬಕೆಟ್‌ಗೆ ಒಂದು ಹಿಡಿ ಉಪ್ಪು ಹಾಕಿದ್ರೆ ಆ ಒಂದು ಸಲಕ್ಕೆ ಬಣ್ಣ ಸ್ವಲ್ಪ ಕಡಿಮೆ ಇಳಿದ ಹಾಗೆ ಕಾಣಬಹುದು. ಮುಂದಿನ ವಾರ ಉಪ್ಪಿಲ್ಲದ ನೀರಲ್ಲಿ ಇಳಿದೇ ಇಳಿಯುತ್ತೆ.

ವಿನೆಗರ್ ರೇಷ್ಮೆ, ಉಣ್ಣೆಗೆ ಸ್ವಲ್ಪ ಉಪಯೋಗ. ಕೊನೇ ಸಲ ಜಾಲಿಸೋ ನೀರಿಗೆ ಒಂದು ಚಮಚ ಬಿಟ್ರೆ ಸೋಪಿನ ಕ್ಷಾರ ಹೋಗುತ್ತೆ. ಹತ್ತಿಯ ಬಣ್ಣವನ್ನ ಅದು ಕಟ್ಟಿ ಹಾಕಲ್ಲ.

ಪಟಿಕ ಬೇಕಾದದ್ದು ಮಂಜಿಷ್ಠ, ದಾಳಿಂಬೆ ಸಿಪ್ಪೆಯಂಥ ಗಿಡಮೂಲಿಕೆ ಬಣ್ಣಗಳಿಗೆ. ಸಾಮಾನ್ಯವಾಗಿ ಬಣ್ಣ ಹಾಕೋ ಮುಂಚೆ ನೂಲಿಗೆ ಪಟಿಕ ಕಟ್ಟಿಸ್ತಾರೆ. ಕಾರ್ಖಾನೆಯ ಕೆಂಪು ಕುರ್ತಾಗೆ ಅದರಿಂದ ಲಾಭ ಇಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ. ವಿನೆಗರ್ ಹಾಕಿದ ನೀರಿಗೆ ಕ್ಲೋರಿನ್ ಬ್ಲೀಚ್ ಸೇರಿಸಲೇಬೇಡಿ. ಟಾಯ್ಲೆಟ್ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ. ವಿಷದ ಕ್ಲೋರಿನ್ ಗಾಳಿ ಬರುತ್ತೆ. ಕಿಟಕಿ ಮುಚ್ಚಿದ ಪುಟ್ಟ ಬಾತ್‌ರೂಮಲ್ಲಿ ಅದು ಜೀವಕ್ಕೇ ಕುತ್ತು. ಶರ್ಟ್ ಹೋದ್ರೆ ಹೋಯ್ತು.

ಕೊನೇ ತೊಳೆತ ಯಾರದ್ದು?

ನೇತಾಡೋ ಬಣ್ಣವನ್ನ ಇಳಿಸೋ ಕೆಲಸ ನಿಜವಾಗಿ ಕಾರ್ಖಾನೆಯದ್ದು. ಬಣ್ಣ ಹಾಕಿದ ಮೇಲೆ ಬಟ್ಟೆಯನ್ನ ಕುದಿಯೋ ಹತ್ತಿರದ ಬಿಸಿ ನೀರಲ್ಲಿ ಮತ್ತೆ ಮತ್ತೆ ತೊಳೀಬೇಕು. ಅದಕ್ಕೆ 'ಸೋಪಿಂಗ್' ಅಂತಾರೆ. ಇದಕ್ಕೆ ನೀರು ಬೇಕು, ನೀರು ಕಾಯಿಸೋಕೆ ಉರುವಲು ಬೇಕು, ಹೊರಬಂದ ಬಣ್ಣದ ನೀರನ್ನ ಶುದ್ಧ ಮಾಡೋಕೆ ದುಡ್ಡು ಬೇಕು. ಖರ್ಚು ಉಳಿಸಬೇಕು ಅಂದವರ ಕಣ್ಣು ಮೊದಲು ಬೀಳೋದು ಇಲ್ಲೇ.

ಆ ನೀರು ಸಣ್ಣ ವಿಷಯ ಅಲ್ಲ. ತಮಿಳುನಾಡಿನ ತಿರುಪ್ಪೂರಲ್ಲಿ ಡೈಯಿಂಗ್ ಘಟಕಗಳ ನೀರು ನೊಯ್ಯಲ್ ನದಿಗೆ ಸೇರಿ, ಕೆಳಗಿನ ಹೊಲಗಳ ರೈತರು ಕೋರ್ಟ್ ಮೆಟ್ಟಿಲು ಹತ್ತಿದ್ರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಘಟಕಗಳನ್ನ ಮುಚ್ಚಿಸಿತು. ಒಂದು ಹನಿ ಕೊಳಕು ನೀರೂ ಹೊರಗೆ ಬಿಡಬಾರದು ಅನ್ನೋ ಷರತ್ತಿನ ಮೇಲೆ ಆಮೇಲೆ ಮತ್ತೆ ತೆರೆದವು.

ತೊಳೆತ ಸರಿಯಾಗಿದೆಯಾ ಅಂತ ನೋಡೋಕೆ ಪರೀಕ್ಷೆ ಇದೆ. ಐಎಸ್‌ಒ 105 ಸಿ06 ಅಂತ ಅದರ ಹೆಸರು. ಬಣ್ಣದ ಬಟ್ಟೆಯ ತುಂಡಿಗೆ ಹತ್ತಿ, ಉಣ್ಣೆ, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್, ಅಸಿಟೇಟ್, ಈ ಆರು ಬಗೆಯ ಬಿಳಿ ಪಟ್ಟಿ ಇರೋ ತುಂಡನ್ನ ಹೊಲಿದು, ಸೋಪಿನ ನೀರಲ್ಲಿ ಉಕ್ಕಿನ ಗುಂಡುಗಳ ಜೊತೆ ತಿರುಗಿಸ್ತಾರೆ. ಬಿಳಿ ಪಟ್ಟಿಗೆ ಎಷ್ಟು ಬಣ್ಣ ಹತ್ತಿತು ಅಂತ ನೋಡಿ 1ರಿಂದ 5ರವರೆಗೆ ಅಂಕ. 5 ಅಂದ್ರೆ ಕಲೆಯೇ ಇಲ್ಲ, 1 ಅಂದ್ರೆ ಗೋವಿಂದ. ಹೊರದೇಶದ ಖರೀದಿದಾರರು ಈ ಅಂಕ ನೋಡದೆ ಸಾಮಾನ್ಯವಾಗಿ ಮಾಲು ಮುಟ್ಟಲ್ಲ. ಅದೇ ಅಂಕವನ್ನ ನಮ್ಮ ಪೇಟೆಯ ಅಂಗಡಿಯಲ್ಲಿ ಕೇಳಿ ನೋಡಿ, 'ಒಂದೆರಡು ಸಲ ಬಿಡುತ್ತೆ ಸಾರ್, ಆಮೇಲೆ ಸರಿ ಹೋಗುತ್ತೆ' ಅನ್ನೋ ಉತ್ತರ ಬರುತ್ತೆ. ಟೆಸ್ಟಿಂಗನ್ನ ಗ್ರಾಹಕನ ಮನೆಯಲ್ಲಿ ಮಾಡಿಸೋದು ಅಂದ್ರೆ ಇದೇ.

ಗ್ರಾಹಕನ ಮನೆ ಅಂದೆ. ಆದ್ರೆ ಅಲ್ಲಿ ಬಟ್ಟೆ ಒಗೆಯೋದು ಎಷ್ಟೋ ಸಲ ಗ್ರಾಹಕ ಅಲ್ಲ.

ಐನೂರು ರೂಪಾಯಿ

ನಮ್ಮ ಅಪಾರ್ಟ್‌ಮೆಂಟಲ್ಲಿ ನಾಲ್ಕು ಮನೆಗೆ ಕೆಲಸಕ್ಕೆ ಬರೋ ಅಕ್ಕ ಒಬ್ಬರಿದ್ದಾರೆ. ಹೋದ ವರ್ಷ ಪಕ್ಕದ ಮನೆ ಆಂಟಿಯ ಹೊಸ ಮರೂನ್ ಕುರ್ತಾ ಅಂಕಲ್‌ನ ಬಿಳಿ ಶರ್ಟನ್ನ ಗುಲಾಬಿ ಮಾಡ್ತು. ಎರಡೂ ಒಂದೇ ಬುಟ್ಟಿಯಲ್ಲಿದ್ದವು, ಅಕ್ಕ ಬುಟ್ಟಿಯನ್ನ ಮಷಿನ್‌ಗೆ ಸುರಿದಿದ್ರು. ತಿಂಗಳ ಸಂಬಳದಲ್ಲಿ 500 ರೂಪಾಯಿ ಮುರಿದ್ರು. ಅಕ್ಕ ನಮ್ಮನೆ ಪಾತ್ರೆ ತೊಳೀತಾ ಇದನ್ನ ಹೇಳಿದ್ರು, ಮುಖ ನನ್ನ ಕಡೆ ತಿರುಗಿಸಲಿಲ್ಲ.

ಕುರ್ತಾದ ಒಳಗೆ ಲೇಬಲ್ ಇತ್ತು. 'ಬೇರೆಯಾಗಿ ಒಗೆಯಿರಿ' ಅಂತ, ಇಂಗ್ಲಿಷಲ್ಲಿ. ಅಕ್ಕನಿಗೆ ಕನ್ನಡ ಓದೋಕೆ ಬರುತ್ತೆ, ಇಂಗ್ಲಿಷ್ ಬರಲ್ಲ.

ಸಂಜೆ ಆಂಟಿಯ ಮನೆಗೆ ಹೋಗಿ ಆ ಕುರ್ತಾ ಕೇಳಿದೆ. ಅದಾಗಲೇ ಎರಡು ಸಲ ಒಗೆದಾಗಿತ್ತು. ಬಿಳಿ ಕರವಸ್ತ್ರವನ್ನ ಒದ್ದೆ ಮಾಡಿ ಒಳ ಹೊಲಿಗೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದೆ. ಕುಂಕುಮ ಒರೆಸಿದ ಹಾಗೆ ಬಂತು. 'ಆಂಟಿ, ಇದು ಒಗೆದವರ ತಪ್ಪಲ್ಲ, ಕಾರ್ಖಾನೆಯಲ್ಲಿ ಸರಿಯಾಗಿ ತೊಳೆದಿಲ್ಲ' ಅಂದೆ. ಆಂಟಿ ಕರವಸ್ತ್ರವನ್ನ ತಿರುಗಿಸಿ ಮುರುಗಿಸಿ ನೋಡಿದ್ರು. 'ಆದ್ರೂ ನೋಡಿ ಹಾಕಬೇಕಿತ್ತಪ್ಪ' ಅಂದ್ರು. ಅಂಗಡಿಗೆ ಫೋನ್ ಮಾಡಿದ್ರೆ ಅವರು ಬಿಲ್ಲಿನ ಕೊನೇ ಸಾಲು ಓದಿ ಹೇಳಿದ್ರು. ಮುಂದಿನ ತಿಂಗಳು ಆಂಟಿ ಅಕ್ಕನಿಗೆ ದುಡ್ಡು ವಾಪಸ್ ಕೊಟ್ರಂತೆ. ಪೂರ್ತಿ ಅಲ್ಲ, 300.

ಅಂಗಡಿಯ ಬಿಲ್ಲು ಅಂಗಡಿಯನ್ನ ಕಾಪಾಡ್ತು. ಕಾರ್ಖಾನೆ ಬಿಸಿ ನೀರು ಉಳಿಸ್ತು. ಉಳಿದ 200 ರೂಪಾಯಿ ಹೋಗಿದ್ದು ಆ ಸರಪಳಿಯಲ್ಲೇ ಕಡಿಮೆ ಸಂಬಳದವರ ಕೈಯಿಂದ.

ಕರವಸ್ತ್ರದ ವಿಷಯ ಹೇಳಿದಾಗ ಅಕ್ಕ ನಕ್ಕರು. 'ಅದೇನು ಹೊಸದಾ ಅಣ್ಣ? ನಾನು ಸಂತೇಲಿ ಸೀರೆ ತಗೊಳ್ಳೋ ಮುಂಚೆ ಹೆಬ್ಬೆಟ್ಟು ಒದ್ದೆ ಮಾಡಿ ಅಂಚಿಗೆ ಉಜ್ಜಿ ನೋಡ್ತೀನಿ. ಬಣ್ಣ ಬಂದ್ರೆ ಇಟ್ಟು ಬರ್ತೀನಿ. ನಿಮ್ಮೋರು ಎಸಿ ಅಂಗಡೀಲಿ ಅದನ್ನ ಮಾಡಲ್ವಾ?'

ಮಾಡಲ್ಲ. ಎಸಿ ಅಂಗಡೀಲಿ ನಮಗೆ ನಾಚಿಕೆ.

ಹಾಗಿದ್ರೆ ಮಾಡೋದೇನು?

ಮೊದಲು ಪರೀಕ್ಷೆ. ಹೊಸ ಗಾಢ ಬಣ್ಣದ ಬಟ್ಟೆ ಮನೆಗೆ ಬಂದ ದಿನವೇ ಒಳ ಹೊಲಿಗೆಯ ಮೇಲೆ ಒದ್ದೆ ಬಿಳಿ ಬಟ್ಟೆ ಒಂದು ನಿಮಿಷ ಒತ್ತಿ. ನೀವು ಬಳಸೋ ಸೋಪಿನ ನೀರಿನ ಒಂದು ಹನಿಯೂ ಇರಲಿ. ನಾಲ್ಕು ಬಣ್ಣ ಇದ್ರೆ ನಾಲ್ಕನ್ನೂ ಬೇರೆ ಬೇರೆ ನೋಡಿ.

ಬಣ್ಣ ಬಂದ್ರೆ ಮೊದಲ ಮೂರ್ನಾಲ್ಕು ಒಗೆತ ಬೇರೆ ಬಕೆಟ್‌ನಲ್ಲಿ. ಇಲ್ಲಿ ನಮ್ಮ ಗುರಿ ಬಣ್ಣವನ್ನ ತಡೆಯೋದಲ್ಲ, ನೇತಾಡೋರನ್ನ ಬೇಗ ಇಳಿಸಿ ಕಳಿಸೋದು. ತಣ್ಣೀರು, ಸ್ವಲ್ಪ ಲಿಕ್ವಿಡ್ ಸೋಪು, ಹತ್ತು ನಿಮಿಷದೊಳಗೆ ಕೆಲಸ ಮುಗಿಸಿ, ನೀರು ತಿಳಿಯಾಗೋವರೆಗೆ ಜಾಲಿಸಿ. ರಾತ್ರಿಯಿಡೀ ನೆನೆಹಾಕೋದು ಬೇಡ. ಇಳಿದ ಬಣ್ಣ ಅದೇ ನೀರಲ್ಲಿ ಇದ್ದು ತಿಳಿ ಜಾಗಗಳಿಗೆ ಹೋಗಿ ಕೂರುತ್ತೆ.

ಒಗೆದ ಮೇಲೆ ಒದ್ದೆ ಬಟ್ಟೆಯನ್ನ ಗುಡ್ಡೆ ಹಾಕಿ ಬಿಡಬೇಡಿ. ಮಷಿನ್ ನಿಂತದ್ದು ಹನ್ನೊಂದಕ್ಕೆ, ಸ್ಟ್ಯಾಂಡಪ್ ಕಾಲ್ ಮುಗಿಸಿ ಬಟ್ಟೆ ತೆಗೆದದ್ದು ಒಂದಕ್ಕೆ ಅಂದ್ರೆ, ಆ ಎರಡು ಗಂಟೆಯಲ್ಲಿ ಬಣ್ಣ ಒಂದರಿಂದ ಒಂದಕ್ಕೆ ಆರಾಮಾಗಿ ದಾಟುತ್ತೆ. ಬಿಡಿಸಿ, ಒಳಮೈ ಹೊರಗೆ ಮಾಡಿ, ನೆರಳಲ್ಲಿ ಹರವಿ.

ಮಷಿನ್‌ಗೆ ಹಾಕೋವಾಗ ಮೂರು ಗುಡ್ಡೆ ಸಾಕು: ಬಿಳಿ, ತಿಳಿ, ಗಾಢ. ಬಿಸಿ ನೀರಿನ ಆಯ್ಕೆ ಇದ್ರೆ ಗಾಢ ಬಣ್ಣಕ್ಕೆ ತಣ್ಣೀರು ಅಥವಾ 30 ಡಿಗ್ರಿ. ಬಣ್ಣದ ಬಟ್ಟೆಗೆ ಅಂತ್ಲೇ ಬರೋ ಕೆಲವು ಲಿಕ್ವಿಡ್‌ಗಳಲ್ಲಿ, ನೀರಿಗಿಳಿದ ಬಣ್ಣವನ್ನ ಹಿಡಿದಿಟ್ಟು ಬೇರೆ ಬಟ್ಟೆಗೆ ಹತ್ತದ ಹಾಗೆ ಮಾಡೋ ಪಾಲಿಮರ್ ಇರುತ್ತೆ. ಕಲರ್ ಕ್ಯಾಚರ್ ಅನ್ನೋ ಹಾಳೆಗಳೂ ಸಿಗ್ತವೆ. ಆ ಹಾಳೆಯಲ್ಲಿ ಧನ ವಿದ್ಯುದಂಶ ಇರೋದ್ರಿಂದ ಋಣದ ಬಣ್ಣ ಅದಕ್ಕೆ ಹೋಗಿ ಅಂಟುತ್ತೆ. ಪ್ರಯಾಣದಲ್ಲಿ, ಪಿಜಿಯಲ್ಲಿ ಉಪಯೋಗಕ್ಕೆ ಬರುತ್ತೆ. ಹೊಸ ಮರೂನ್ ಕುರ್ತಾವನ್ನ ಬಿಳಿ ಶರ್ಟ್ ಜೊತೆ ಹಾಕೋಕೆ ಪರವಾನಗಿ ಅಂತ ಮಾತ್ರ ಅಂದ್ಕೋಬೇಡಿ.

ಕಷ್ಟ ಇರೋದು ಒಂದೇ ಬಟ್ಟೆಯಲ್ಲಿ ಎರಡೂ ಇದ್ದಾಗ. ಇಳಕಲ್ ಸೀರೆ ನೋಡಿ, ಕೆಂಪು ಸೆರಗು, ಅದರ ಮೇಲೆ ಬಿಳಿ ಗೋಪುರದ ಸಾಲು. ಬಿಳಿಯನ್ನ ಬೇರೆ ಬಕೆಟ್‌ಗೆ ಹಾಕೋದು ಹೇಗೆ? ನಮ್ಮಮ್ಮ ಅದನ್ನ ನೆನೆಹಾಕೋದೇ ಇಲ್ಲ. ಸೆರಗನ್ನ ಬಕೆಟ್‌ನಿಂದ ಆಚೆ ಬಿಟ್ಟು ಒಡಲನ್ನ ಮೊದಲು ಒಗೀತಾರೆ. ಸೆರಗನ್ನ ಕೊನೆಗೆ, ಹರಿಯೋ ನೀರಲ್ಲಿ, ಬೇಗ ಜಾಲಿಸ್ತಾರೆ. ಹಿಂಡೋ ಬದಲು ಒಣ ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ಸೆರಗು ಮಡಚದ ಹಾಗೆ ನೆರಳಲ್ಲಿ ಹರವ್ತಾರೆ. ಬೆಲೆಬಾಳೋ ಸೀರೆ, ಕಸೂತಿ ಕೆಲಸದ್ದು, ಮದುವೆಯದ್ದು ಆದ್ರೆ ಮೊದಲ ಸಲ ಡ್ರೈ ಕ್ಲೀನ್‌ಗೆ ಕೊಡಿ. ಆ ದುಡ್ಡು ದಂಡ ಅಲ್ಲ.

ಬಣ್ಣ ಹತ್ತಿದ ಮೇಲೆ

ಬಣ್ಣ ಹತ್ತಿದ ಬಟ್ಟೆಯನ್ನ ಒಣಗಿಸಬೇಡಿ, ಇಸ್ತ್ರಿ ಅಂತೂ ಮಾಡಲೇಬೇಡಿ. ಒಣಗಿ ಬಿಸಿ ತಾಗಿದ್ರೆ ಕಲೆ ಇನ್ನೂ ಗಟ್ಟಿ. ಒದ್ದೆ ಇರುವಾಗಲೇ ಬೇರೆ ಮಾಡಿ, ಮತ್ತೆ ಒಂದು ಸಲ ಒಗೀರಿ. ಎಷ್ಟೋ ಸಲ ಇಷ್ಟಕ್ಕೇ ಹೋಗುತ್ತೆ.

ಹೋಗದಿದ್ರೆ ಹತ್ತಿ, ಪಾಲಿಯೆಸ್ಟರ್‌ಗೆ ಆಕ್ಸಿಜನ್ ಬ್ಲೀಚ್. ಸೋಡಿಯಂ ಪರ್ಕಾರ್ಬೊನೇಟ್ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತೆ. ಅದರ ಮೇಲೆ ಹೇಳಿದ ಅಳತೆಯಲ್ಲೇ ಬೆಚ್ಚಗಿನ ನೀರಿಗೆ ಹಾಕಿ ಕೆಲವು ಗಂಟೆ ನೆನೆಸಿ, ಮತ್ತೆ ಒಗೀರಿ. ರೇಷ್ಮೆ, ಉಣ್ಣೆಗೆ ಇದು ಬೇಡ. ಕ್ಲೋರಿನ್ ಬ್ಲೀಚ್ ಅಚ್ಚ ಬಿಳಿ ಹತ್ತಿಗೆ ಮಾತ್ರ. ರೇಷ್ಮೆಯನ್ನ ಅದು ತಿಂದೇ ಹಾಕುತ್ತೆ, ಸ್ಟ್ರೆಚ್ ಬಟ್ಟೆಯ ಹಿಗ್ಗೋ ಎಳೆಯನ್ನೂ ಬಿಡಲ್ಲ.

ಮಷಿನ್ ಮೇಲೊಂದು ಚೀಟಿ

ನಾನು ಹೇಳೋ ಕೊನೇ ಮಾತು ರಸಾಯನಶಾಸ್ತ್ರದ್ದಲ್ಲ.

ಹೊಸ ಬಟ್ಟೆಯ ಮೊದಲ ಒಗೆತ ಕೊಂಡವರದ್ದು. ಲೇಬಲ್ ಓದಿದವರು ನೀವು, ಬಿಲ್ ಕೊಟ್ಟವರು ನೀವು, ಆ ಬಟ್ಟೆ ಹೊಸದು ಅಂತ ಗೊತ್ತಿರೋರೂ ನೀವೇ. ಅದನ್ನ ಕೊಳೆ ಬಟ್ಟೆಯ ಬುಟ್ಟಿಗೆ ಎಸೆದು ಆಫೀಸಿಗೆ ಹೋದ್ರೆ, ಟೆಸ್ಟ್ ಮಾಡದ ಕೋಡನ್ನ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ತಳ್ಳಿ ಫೋನ್ ಆಫ್ ಮಾಡಿದ ಹಾಗೆ. ರಾತ್ರಿ ಎದ್ದು ಒದ್ದಾಡೋರು ಬೇರೆ ಯಾರೋ.

ಒಂದು ಬೇರೆ ಚೀಲ ತೂಗು ಹಾಕಿ, ಹೊಸದು ಅದರಲ್ಲಿರಲಿ. ಮಷಿನ್ ಮೇಲೆ ಈ ನಾಲ್ಕು ಸಾಲನ್ನ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಅಂಟಿಸಿ:

ಚೀಲದಲ್ಲಿರೋದು ಮಷಿನ್‌ಗೆ ಬೇಡ.
ಬಿಳಿ, ತಿಳಿ, ಗಾಢ ಬೇರೆ ಬೇರೆ.
ಮಷಿನ್ ನಿಂತ ಕೂಡಲೇ ಹರವಿ.
ಬಣ್ಣ ಹತ್ತಿದ್ರೆ ಒಣಗಿಸಬೇಡಿ, ನನಗೆ ಫೋನ್ ಮಾಡಿ.

ನಾಲ್ಕನೇ ಸಾಲು ಮುಖ್ಯ. ಸಂಬಳ ಮುರೀತಾರೆ ಅನ್ನೋ ಭಯ ಇದ್ರೆ ಆ ಫೋನು ಬರಲ್ಲ, ಶರ್ಟು ಒಣಗಿ ಇಸ್ತ್ರಿಯಾಗಿ ಕಪಾಟು ಸೇರಿರುತ್ತೆ. ಭಯ ಇಲ್ಲದಿದ್ರೆ ಫೋನ್ ಬರುತ್ತೆ, ಶರ್ಟೂ ಉಳಿಯುತ್ತೆ.

ಮುಂದಿನ ಸಲ ಎಸಿ ಅಂಗಡಿಗೆ ಹೋದಾಗ ಹೆಬ್ಬೆಟ್ಟು ಒದ್ದೆ ಮಾಡಿಕೊಳ್ಳಿ. ಸೇಲ್ಸ್‌ನವರು ಮುಖ ನೋಡಿದ್ರೆ ನೋಡಲಿ.